ಎದೆಬಡಿತ ಎಣಿಸಿದ ಮಾತ್ರಕ್ಕೆ ಆಟಿಸಂ ಅರ್ಥವಾಗಲ್ಲ

‘ಆಟಿಸಂ ಇರುವವರ ಮಿದುಳಿಗೆ ಮೈಯ ಸುದ್ದಿ, ಅಂದರೆ ಹಸಿವು, ದಾಹ, ಎದೆಬಡಿತದಂಥ ಒಳಗಿನ ಸೂಚನೆ, ಸರಿಯಾಗಿ ಮುಟ್ಟಲ್ಲ’ ಅನ್ನೋ ಮಾತು ಎಲ್ಲೆಡೆ ಓಡಾಡ್ತಿದೆ. ಮುಟ್ಟುತ್ತೋ ಇಲ್ಲವೋ ಅಂತ ಅಳೆದದ್ದು ಹೇಗೆ? ನನ್ನ ತಕರಾರು ಇರೋದೇ ಅಲ್ಲಿ.

ಹೆಚ್ಚು ಬಳಕೆಯಲ್ಲಿರೋದು 1981ರಲ್ಲಿ ಮನಶ್ಶಾಸ್ತ್ರಜ್ಞ ರೈನರ್ ಶಾಂಡ್ರಿ ಪ್ರಕಟಿಸಿದ ಪರೀಕ್ಷೆ. ಇಸಿಜಿ ಹಚ್ಚಿ ಕೂರಿಸ್ತಾರೆ. ಸಾಮಾನ್ಯವಾಗಿ 25, 35, 45 ಸೆಕೆಂಡಿನ ಸುತ್ತುಗಳು. ನಾಡಿ ಮುಟ್ಟದೆ, ಎದೆಬಡಿತವನ್ನು ಒಳಗಿಂದಲೇ ಎಣಿಸಬೇಕು. ನಿಜವಾದ ಎಣಿಕೆಗೂ ನೀವು ಹೇಳಿದ್ದಕ್ಕೂ ಇರುವ ಅಂತರವನ್ನು ನಿಜವಾದ ಎಣಿಕೆಯಿಂದ ಭಾಗಿಸಿ, 1ರಿಂದ ಕಳೆದರೆ ಸಿಗೋದೇ ಅಂಕ.

35 ಸೆಕೆಂಡಲ್ಲಿ 42 ಬಡಿತ ಆಯ್ತು ಅಂದ್ಕೊಳ್ಳಿ. ಒಬ್ಬರಿಗೆ ಒಂದು ಬಡಿತವೂ ಗೊತ್ತಾಗಿಲ್ಲ. ಆದರೆ ನಿಮಿಷಕ್ಕೆ 72 ಅಂತ ಎಲ್ಲೋ ಓದಿದ ನೆನಪು. ಮನಸ್ಸಲ್ಲೇ ಸೆಕೆಂಡು ಎಣಿಸಿ, ಲೆಕ್ಕ ಹಾಕಿ 42 ಅಂತಾರೆ. ಪೂರ್ತಿ 1 ಅಂಕ! ಇನ್ನೊಬ್ಬರು ತಮಗೆ ನಿಜವಾಗಿ ಗೊತ್ತಾದ 12 ಬಡಿತ ಮಾತ್ರ ಹೇಳ್ತಾರೆ. ಸಿಗೋದು 0.29. ಹೇಳಿದ್ದನ್ನು ಅಕ್ಷರಶಃ ಪಾಲಿಸೋದು ಆಟಿಸಂ ಇರುವ ಎಷ್ಟೋ ಜನರ ಸ್ವಭಾವ. ಪ್ರಾಮಾಣಿಕರಿಗೇ ಇಲ್ಲಿ ದಂಡ. ‘ಅಂದಾಜು ಬೇಡ, ಗೊತ್ತಾದದ್ದನ್ನಷ್ಟೇ ಹೇಳಿ’ ಅಂತ ಬಿಗಿಯಾಗಿ ಹೇಳಿದಾಗ ಆಟಿಸಂ ಇಲ್ಲದವರ ಅಂಕವೂ ಧಡಾರನೆ ಇಳಿಯುತ್ತೆ. ಇಸಿಜಿ ಬದಲು ಬೆರಳಿಗೆ ಬಿಗಿ ಕ್ಲಿಪ್ ಹಾಕಿದರೆ ಇನ್ನೊಂದು ಎಡವಟ್ಟು: ನಾಡಿ ಬೆರಳ ತುದಿಯಲ್ಲೇ ತುಡಿಯುತ್ತೆ, ಎದೆಯ ಕಡೆ ಗಮನ ಕೊಡದೆಯೂ ಎಣಿಸಬಹುದು.

ಇನ್ನೊಂದು ತೊಡಕು ಅಲೆಕ್ಸಿಥೈಮಿಯಾ, ಅಂದರೆ ತನ್ನ ಭಾವನೆ ಯಾವುದೆಂದು ಗುರುತಿಸಿ ಹೆಸರಿಸೋಕೆ ಆಗದಿರುವುದು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದಿದೆ, ಆಟಿಸಂ ಇಲ್ಲದವರಲ್ಲಿ ಶೇ 5ರಷ್ಟು. ಇದನ್ನು ಬೇರೆಯಾಗಿ ಅಳೆಯದೆ ಎರಡು ಗುಂಪುಗಳನ್ನು ಹೋಲಿಸಿದರೆ, ಸಿಕ್ಕ ವ್ಯತ್ಯಾಸ ಆಟಿಸಂನದ್ದೋ ಅಲೆಕ್ಸಿಥೈಮಿಯಾದ್ದೋ ಅಂತ ಹೇಳೋಕಾಗಲ್ಲ.

ಹಾಗಂತ ಎಲ್ಲ ಸಂಶೋಧನೆಯನ್ನೂ ತಿಪ್ಪೆಗೆ ಎಸೀಬೇಕಿಲ್ಲ. ನರವಿಜ್ಞಾನಿ ಸಾರಾ ಗಾರ್ಫಿಂಕಲ್ ತಂಡ 2016ರಲ್ಲಿ ನೋಡಿದ್ದು ಬರೀ ಅಂಕವನ್ನಲ್ಲ. ‘ನನ್ನ ಮೈ ನನಗೆ ಚೆನ್ನಾಗಿ ಗೊತ್ತಾಗುತ್ತೆ’ ಅನ್ನೋ ನಂಬಿಕೆಗೂ ಪರೀಕ್ಷೆಯ ಅಂಕಕ್ಕೂ ಇರುವ ಅಂತರವನ್ನು ನೋಡಿದರು. ಅಂತರ ಹೆಚ್ಚಿದ್ದವರಲ್ಲಿ ಆತಂಕವೂ ಹೆಚ್ಚಿತ್ತು. 2021ರಲ್ಲಿ ಆಟಿಸಂ ಇರುವ 121 ವಯಸ್ಕರ ಮೇಲೆ ನಡೆದ ಪ್ರಯೋಗದಲ್ಲಿ, ಎದೆಬಡಿತ ಗುರುತಿಸೋ ತರಬೇತಿ ಪಡೆದವರ ಆತಂಕ ಇಳಿಯಿತು. ನನಗೆ ಭರವಸೆ ಇರೋದು ಈ ದಾರಿಯಲ್ಲೇ.

ಅದು ಗಟ್ಟಿಯಾಗೋವರೆಗೆ, ಆಟಿಸಂ ಇರುವವರ ಜೊತೆಗಿರುವವರು ‘ಹೇಗನಿಸ್ತಿದೆ?’ ಅಂತ ಕೇಳೋದು ಬಿಡಿ. ಬಾಯಿ ಒಣಗಿದೆಯಾ, ಹೊಟ್ಟೆ ಬಿಗಿದಿದೆಯಾ, ನೀರು ಕುಡಿದು ಎಷ್ಟು ಹೊತ್ತಾಯ್ತು ಅಂತ ಕೇಳಿ. ಕೊನೇ ಪ್ರಶ್ನೆಗೆ ಗಡಿಯಾರ ನೋಡಿಯೂ ಉತ್ತರ ಹೇಳಬಹುದು.