ಊರಿನದೂ ಒಂದು ಹಾಳೆ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದೇಶದಲ್ಲಿ ಐದು ವರ್ಷಕ್ಕೊಮ್ಮೆ ಕೃಷಿ ಗಣತಿ ನಡೆಯುತ್ತದೆ. ಶುರುವಾಗಿದ್ದು 1970-71ರಲ್ಲಿ. ಹನ್ನೊಂದನೆಯ ಗಣತಿ 2021-22ನೇ ಸಾಲಿನದು. ಆ ಸಲ ಕಾಗದದ ಬದಲು ಮೊಬೈಲ್, ಟ್ಯಾಬ್ ಬಂದವು. ಗಣತಿಯಲ್ಲಿ ಎಣಿಸುವುದು ಹಿಡುವಳಿಯನ್ನು. ಒಬ್ಬರ ಉಸ್ತುವಾರಿಯಲ್ಲಿ ಸಾಗುವಳಿ ಆಗುವ ಜಮೀನೆಲ್ಲ ಸೇರಿ ಒಂದು ಹಿಡುವಳಿ. ಅದರ ಒಡೆಯರು ಯಾರೇ ಇರಲಿ, ನೋಡುವುದು ಸಾಗುವಳಿ ಯಾರದು ಅಂತ.

ಈ ಲೆಕ್ಕ ಬೇಕೇ ಬೇಕು. ದೇಶದಲ್ಲಿ ಒಂದು ಹಿಡುವಳಿ ಮೊದಲ ಗಣತಿಯಲ್ಲಿ ಸರಾಸರಿ 2.28 ಹೆಕ್ಟೇರ್ ಇದ್ದದ್ದು 2015-16ರ ಹೊತ್ತಿಗೆ 1.08 ಹೆಕ್ಟೇರಿಗೆ ಇಳಿಯಿತು ಅಂತ ಗೊತ್ತಾಗಿದ್ದು ಇದರಿಂದಲೇ. ಆದರೆ ಮನೆ ಮನೆಯ ಲೆಕ್ಕ ಬರೆದುಕೊಂಡರೆ ಊರಿನ ಬೇಸಾಯ ಪೂರ್ತಿ ಗೊತ್ತಾಗುವುದಿಲ್ಲ. ಊರಿಗೆ ಊರೇ ಸೇರಿ ಹೇಳಬೇಕಾದ ಸಂಗತಿಗಳು ಬಹಳ ಇವೆ.

ನಮ್ಮ ಕೊಡಗಿನ ಗದ್ದೆಯನ್ನೇ ತೆಗೆದುಕೊಳ್ಳಿ. ಎರಡು ಎಕರೆ ಪಾಳು ಬಿದ್ದಿದೆ ಅಂದುಕೊಳ್ಳೋಣ. ಗಣತಿಯ ನಮೂನೆಯಲ್ಲಿ ಅದು ಬೀಳು ಜಮೀನು ಅಂತ ಸೇರುತ್ತದೆ. ಯಾಕೆ ಪಾಳು ಬಿತ್ತು? ಒಂದು ಕಡೆ ಆನೆ ಕಾಟ. ಪಕ್ಕದವರು ಗದ್ದೆ ಮಾಡುವುದನ್ನು ಬಿಟ್ಟರೆ ಉಳಿದ ಒಬ್ಬರ ಪೈರಿನ ಮೇಲೆ ಆನೆ, ಕಾಡುಹಂದಿ ಎಲ್ಲವೂ ಬೀಳುತ್ತವೆ. ಕಡೆಗೆ ಅವರೂ ಬಿಡುತ್ತಾರೆ. ಇನ್ನೊಂದು ಕಡೆ ನಾಟಿಗೆ ಆಳು ಸಿಗುವುದಿಲ್ಲ. ಮತ್ತೊಂದು ಕಡೆ ನೀರಿನ ದಾರಿಯೇ ಕೆಟ್ಟಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿದೆ. ಹಾಗೆ ಕುಸಿದ ಮಣ್ಣು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ ಬಿದ್ದರೆ ಕೆಳಗಿನ ಗದ್ದೆಗಳಿಗೆಲ್ಲ ತೊಂದರೆ. ಗದ್ದೆಯಿಂದ ಗದ್ದೆಗೆ ಇಳಿಯುವ ನೀರನ್ನು ಒಂದು ಮನೆಯವರು ಸರಿ ಮಾಡಿಕೊಳ್ಳಲು ಆಗುತ್ತದಾ? ಈ ಮೂರಕ್ಕೂ ಬೇಕಾದ ಪರಿಹಾರ ಬೇರೆ ಬೇರೆ. ನಮೂನೆಯಲ್ಲಿ ಮಾತ್ರ ಮೂರೂ ಒಂದೇ ಪದ, ಬೀಳು.

ಇದು ನಾನೊಬ್ಬನೇ ಹೇಳುವ ಮಾತಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ವಿಶ್ವ ಕೃಷಿ ಗಣತಿಯ 2010ರ ಸುತ್ತಿಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದನ್ನು ಹೇಳಿದೆ. ಹಿಡುವಳಿ ಲೆಕ್ಕದ ಜೊತೆಗೆ ಊರಿನ ಮಾಹಿತಿಯನ್ನೂ ಸಂಗ್ರಹಿಸಬಹುದು ಅಂತ. ಪೇಟೆ ಎಷ್ಟು ದೂರ, ರಸ್ತೆ, ಕರೆಂಟು, ರೈತರ ಸಂಘ, ಪ್ರಕೃತಿ ವಿಕೋಪದ ಭಯ, ಇಂಥವು. ಗಣತಿಯ ಮೊದಲ ಹಂತದಲ್ಲಿ ಪ್ರತಿ ಊರಿನ ಹಿಡುವಳಿಗಳ ಪಟ್ಟಿ ಹೇಗೂ ಆಗುತ್ತದೆ. ಅದರ ಜೊತೆ ಊರಿನವರನ್ನು ಒಂದು ಕಡೆ ಕೂರಿಸಿ ಕೇಳಿ, ಊರಿನದೇ ಒಂದು ಹಾಳೆಯಲ್ಲಿ ಬರೆದುಕೊಂಡರೆ ಖರ್ಚೇನೂ ಜಾಸ್ತಿ ಆಗುವುದಿಲ್ಲ. ಶಾಲೆ, ಆಸ್ಪತ್ರೆ ಇದೆಯಾ ಅಂತ ಮತ್ತೆ ಕೇಳಬೇಕಾಗಿಲ್ಲ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಅದು ಊರುವಾರು ಸಿಗುತ್ತದೆ. ಬೇಸಾಯದ್ದನ್ನು ಕೇಳಲಿ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಕಣದವರೆಗೆ ಜೀಪ್ ಬರುತ್ತದಾ? ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ? ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕಾಫಿಗೆ ನೀರು ಹಾಯಿಸಲು ಹೊಳೆಯಲ್ಲಿ ನೀರಿರುತ್ತದಾ? ಆನೆ ಯಾವ ತಿಂಗಳು, ಯಾವ ದಾರಿಯಲ್ಲಿ ಇಳಿಯುತ್ತದೆ?

ಕೊಡಗಿಗೆ ಇದು ಬೇರೆ ಜಿಲ್ಲೆಗಳಿಗಿಂತ ಜಾಸ್ತಿ ಬೇಕು ಅಂತ ನನಗೆ ಅನಿಸುವುದಕ್ಕೆ ಇನ್ನೊಂದು ಕಾರಣ ಜಮ್ಮ ಜಮೀನು, ಅಂದರೆ ಒಕ್ಕಕ್ಕೆ, ಕೂಡು ಮನೆತನಕ್ಕೆ, ತಲೆಮಾರಿನಿಂದ ಬಂದ ಜಮೀನು. ಭೂದಾಖಲೆ ಸರಿಯಾಗಿರುವ ರಾಜ್ಯಗಳಲ್ಲಿ ಗಣತಿಯ ಮೊದಲ ಹಂತ ದಾಖಲೆಯಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ಪಹಣಿ ತೆಗೆದರೆ ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ ಹೆಸರೇ ಇರುತ್ತದೆ. ಒಕ್ಕದಲ್ಲಿ ನಾಲ್ವರು ಅಣ್ಣತಮ್ಮಂದಿರು ನಾಲ್ಕು ತೋಟ ಬೇರೆ ಬೇರೆ ಮಾಡುತ್ತಿರುತ್ತಾರೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಅಂತ ಬಿಟ್ಟಿದ್ದ ಬಾಣೆಯಲ್ಲಿ ಈಗ ಕಾಫಿ, ಒಳ್ಳೆಮೆಣಸು. ಯಾರು ಯಾವುದನ್ನು ಮಾಡುತ್ತಿದ್ದಾರೆ ಅಂತ ಪಹಣಿ ಹೇಳುವುದಿಲ್ಲ. ಊರಿನವರು ಕೂತಲ್ಲೇ ಹೇಳುತ್ತಾರೆ.

ಇನ್ನು ಜಮೀನೇ ಇಲ್ಲದವರು. ಹಾಡಿಯಲ್ಲಿರುವ ಯರವ ಬುಡಕಟ್ಟಿನವರು, ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು, ತೋಟದ ಸಾಲುಮನೆಯ, ಅಂದರೆ ಲೈನ್‌ಮನೆಯ ಕಾರ್ಮಿಕರು. ಸಾಗುವಳಿಯ ಜಮೀನಿಲ್ಲ, ಹಾಗಾಗಿ ಕೃಷಿ ಗಣತಿಯಲ್ಲಿ ಇವರಿಲ್ಲ. ಇವರ ಕೈ ಇಲ್ಲದೆ ಒಂದು ಚೀಲ ಕಾಫಿ ಕೊಯ್ಯಲು ಆಗುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಇರುತ್ತದೆ, ಯಾವ ತಿಂಗಳು ಮನೆಯಲ್ಲಿ ಅಕ್ಕಿ ಸಾಲುವುದಿಲ್ಲ ಅನ್ನುವುದು ಊರಿನ ಹಾಳೆಗೆ ಬರಲೇಬೇಕು.

ಅದಕ್ಕೇ ಯಾರನ್ನು ಕೇಳುತ್ತಾರೆ ಅನ್ನುವುದು ಬಹಳ ಮುಖ್ಯ. ದೊಡ್ಡ ತೋಟದವರ ಜಗಲಿಯಲ್ಲಿ ಕಾಫಿ ಕುಡಿದು ಬರೆದುಕೊಂಡು ಹೋದರೆ ಅದು ಊರಿನ ಮಾತಾಗುವುದಿಲ್ಲ. ತೋಟದ ಯಜಮಾನರ ಎದುರು ಲೈನ್‌ಮನೆಯವರು ಬಾಯಿ ಬಿಡುವುದಿಲ್ಲ. ಅವರನ್ನು ಬೇರೆಯಾಗಿ ಕೇಳಬೇಕು. ಹೆಂಗಸರನ್ನೂ ಬೇರೆಯಾಗಿ ಕೂರಿಸಿ ಕೇಳಬೇಕು. ಯಾವ ಗದ್ದೆಯಲ್ಲಿ ನೀರು ನಿಲ್ಲುತ್ತಿಲ್ಲ ಅನ್ನುವುದು ನಾಟಿ ಹಾಕುವವರಿಗೆ ಮೊದಲು ಗೊತ್ತಾಗುತ್ತದೆ. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದರೆ ಎರಡನ್ನೂ ಬರೆದುಕೊಳ್ಳಲಿ.

ಕಾಲವನ್ನೂ ನೋಡಿಕೊಳ್ಳಬೇಕು. ಜುಲೈ, ಆಗಸ್ಟ್‌ನಲ್ಲಿ ಮಳೆ, ನಾಟಿ. ನವೆಂಬರ್ ಆದರೆ ಕಾಫಿ ಕೊಯ್ಲು ಶುರು, ಯಾರಿಗೂ ಪುರುಸೊತ್ತಿಲ್ಲ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದರೆ ಜನ ಸಿಗುತ್ತಾರೆ.

ನಿಮ್ಮ ಊರಿಗೆ ಮುಂದಿನ ಗಣತಿಯವರು ಬರುವವರೆಗೂ ಕಾಯಬೇಕಾಗಿಲ್ಲ. ಗ್ರಾಮಸಭೆಯಲ್ಲೇ ಈ ಪ್ರಶ್ನೆಗಳನ್ನು ಇಡಬಹುದು. ಬರೆದ ಹಾಳೆಯ ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲೇ ಉಳಿಯಲಿ, ಕೇಳಿದವರಿಗೆಲ್ಲ ಓದಲು ಸಿಗಲಿ. ಐದು ವರ್ಷದ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

ನಮಸ್ಕಾರ.