ಹಡಗು ಹತ್ತುವ ಮೊದಲು

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ಕೆರಿಬಿಯನ್ ಕ್ರೂಸ್ ಬುಕ್ ಮಾಡಿರುವವರು ಕೈ ಎತ್ತಿ ಅಂದಾಗ ಈಗ ತಾನೇ ಹತ್ತು ಹನ್ನೆರಡು ಕೈ ಮೇಲೆದ್ದವು. ಅದರಲ್ಲಿ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಹೋಗುವವರೇ ಹೆಚ್ಚು ಅಂತ ಕಾಣುತ್ತದೆ. ಹಾಗಾಗಿ ಈಜುಡುಗೆ, ಕೂಲಿಂಗ್ ಗ್ಲಾಸಿನ ಮಾತು ಆಮೇಲೆ. ಮೊದಲು ಕಾಗದಪತ್ರ.

ನಾನು ಟ್ರಾವೆಲ್ ಏಜೆಂಟೂ ಅಲ್ಲ, ವಕೀಲೆಯೂ ಅಲ್ಲ. ಐದು ಸಲ ಹೋಗಿ ಬಂದಿದ್ದೇನೆ, ಐದು ಸಲವೂ ಒಂದಲ್ಲ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ಈ ಮಾತಾಡಲು ನನಗಿರುವ ಅರ್ಹತೆ ಅಷ್ಟೇ. ಹಡಗು ಹತ್ತಿದ ಮೇಲೆ ತಲೆಗೆ ಕೆಲಸವಿಲ್ಲ ಅಂತ ಜಾಹೀರಾತಿನವರು ಹೇಳುತ್ತಾರಲ್ಲ, ಅದು ನಿಜವೇ. ಆದರೆ ಹತ್ತುವ ಮೊದಲು ತಲೆ ಖರ್ಚು ಮಾಡಿದವರಿಗೆ ಮಾತ್ರ ನಿಜ.

ನಮ್ಮ ಮನೆಯದೇ ಲೆಕ್ಕ ತೆಗೆದುಕೊಳ್ಳಿ. ಒಂದೇ ಬುಕಿಂಗ್‌ನಲ್ಲಿ ಏಳು ಜನ. ಮಕ್ಕಳು ಇಲ್ಲೇ ಹುಟ್ಟಿದವರು, ಅಮೆರಿಕದ ಪ್ರಜೆಗಳು. ನಾನು, ನಮ್ಮ ಯಜಮಾನರು ಗ್ರೀನ್ ಕಾರ್ಡು. ಮೈದುನ ಎಚ್‌1ಬಿ, ಅಂದರೆ ಕೆಲಸದ ವೀಸಾ. ಅತ್ತೆ ಮಾವ ವಿಸಿಟರ್ ವೀಸಾ. ಊಟಕ್ಕೆ ಒಂದೇ ಮೇಜಿನಲ್ಲಿ ಕೂರುವ ಈ ಏಳು ಜನಕ್ಕೆ ನಾಲ್ಕು ಬಗೆಯ ನಿಯಮ. ಮಯಾಮಿಯಿಂದ ಹೊರಟು ಮಯಾಮಿಗೇ ವಾಪಸ್ ಬರುತ್ತೇವಲ್ಲ, ಇದೇನು ಮಹಾ ಅಂತ ಅನ್ನಿಸುತ್ತದೆ. ಆದರೆ 1886ರ ಒಂದು ಹಳೆಯ ಕಾನೂನಿದೆ. ವಿದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಓಡಾಡಿಸುವ ಹಾಗಿಲ್ಲ. ಈ ದೊಡ್ಡ ಹಡಗುಗಳ ಬಾವುಟ ಹೆಚ್ಚಾಗಿ ಬಹಾಮಾಸಿನದೋ ಪನಾಮದ್ದೋ ಆಗಿರುತ್ತದೆ. ಆದ್ದರಿಂದಲೇ ಮೂರು ದಿನದ ಪುಟ್ಟ ಕ್ರೂಸ್ ಕೂಡ ಬಹಾಮಾಸಿನ ಒಂದು ಬಂದರನ್ನಾದರೂ ಮುಟ್ಟಿ ಬರುವುದು. ಅಂದರೆ ನೀವು ಹಡಗಿನಿಂದ ಕೆಳಗಿಳಿಯದೆ ಈಜುಕೊಳದ ಪಕ್ಕ ಮಲಗಿದ್ದರೂ ದೇಶ ಬಿಟ್ಟು ಹೋಗಿ ಬಂದವರೇ. ಮತ್ತೆ ಒಳಗೆ ಬರಲು ಬೇಕಾದ ಕಾಗದ ಕೈಯಲ್ಲಿರಲೇಬೇಕು.

ಎಚ್‌1ಬಿಯವರು ಇಲ್ಲಿ ಸ್ವಲ್ಪ ಕಿವಿಗೊಡಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದೆ, ಆದರೆ ಇಲ್ಲಿರಲು ಸರ್ಕಾರ ಕೊಟ್ಟ ಒಪ್ಪಿಗೆಯ ಪತ್ರ ಐ-797 ಇನ್ನೂ ಚಾಲ್ತಿಯಲ್ಲಿದೆ. ನಮ್ಮಲ್ಲಿ ಅರ್ಧ ಜನರ ಸ್ಥಿತಿ ಇದೇ. ಅಂಥವರು ಕೆನಡಾಕ್ಕೋ ಮೆಕ್ಸಿಕೋಕ್ಕೋ ಹೋಗಿ ಮೂವತ್ತು ದಿನದೊಳಗೆ ಹಳೆಯ ಸ್ಟ್ಯಾಂಪಿನಲ್ಲೇ ವಾಪಸ್ ಬರಲು ಒಂದು ಸೌಕರ್ಯವಿದೆ. ಸ್ನೇಹಿತರು ಅದನ್ನೇ ಹೇಳಿ ಧೈರ್ಯ ತುಂಬುತ್ತಾರೆ. ಆ ಸೌಕರ್ಯ ಕೆರಿಬಿಯನ್ ದ್ವೀಪಗಳಿಗೂ ಇರುವುದು ಎಫ್ ಮತ್ತು ಜೆ ವೀಸಾದವರಿಗೆ, ಅಂದರೆ ವಿದ್ಯಾರ್ಥಿಗಳು ಮುಂತಾದವರಿಗೆ. ಅದೂ ಕ್ಯೂಬಾ ಬಿಟ್ಟು. ಎಚ್‌1ಬಿಯವರಿಗೆ ಇಲ್ಲ. ಹಡಗು ಜಮೈಕಾ ಮುಟ್ಟಿತೋ, ನಿಮ್ಮ ಲೆಕ್ಕ ಕೆಟ್ಟಿತು. ನನ್ನ ಮೈದುನ ಈ ಕಾರಣಕ್ಕೆ ಒಂದು ವರ್ಷ ನಮ್ಮ ಜೊತೆ ಬರಲಿಲ್ಲ. ಮನೆಯಲ್ಲಿ ಕೂತು ನಾವು ಕಳಿಸಿದ ಫೋಟೋಗಳಿಗೆ ಲೈಕ್ ಒತ್ತಿದ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರಂತೂ ವಕೀಲರನ್ನು ಕೇಳದೆ ಟಿಕೆಟ್ ಮುಟ್ಟಲೇಬೇಡಿ.

ಅಪ್ಪ ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದಾದದ್ದು, ಇದೆಯೇ ನೋಡಿ. ಕ್ರೂಸ್‌ಗೆ ಹೋಗಿ ಬಂದರೆ ಇಲ್ಲಿರಲು ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂಬ ಲೆಕ್ಕಾಚಾರವನ್ನು ದಯವಿಟ್ಟು ಬಿಡಿ. ಇನ್ನು ಹೆಸರಿನ ತಾಪತ್ರಯ. ನಮ್ಮ ಹಿರಿಯರ ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರಿರುತ್ತದೆ, ಇನ್ನೊಂದು ಜಾಗ ಖಾಲಿ. ಅಮೆರಿಕದ ವೀಸಾದವರು ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಹಾಕುತ್ತಾರೆ. ನಾನು ಮೊದಲ ಸಲ ನಮ್ಮತ್ತೆಯ ಬುಕಿಂಗ್‌ನಲ್ಲಿ ಸಲೀಸಾಗಿ ಮಾವನ ಹೆಸರನ್ನು ಸರ್‌ನೇಮ್ ಮಾಡಿಬಿಟ್ಟಿದ್ದೆ. ಬಂದರಿನ ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನೂ ಪರದೆಯನ್ನೂ ನಾಲ್ಕು ಸಲ ನೋಡಿ ಮೇಲಧಿಕಾರಿಯನ್ನು ಕರೆದಳು. ನಲವತ್ತು ನಿಮಿಷ. ನಮ್ಮತ್ತೆ ಅಷ್ಟು ಹೊತ್ತೂ ಒಂದೇ ಪ್ರಶ್ನೆ: "ನನ್ನ ಹೆಸರಲ್ಲಿ ಏನಮ್ಮಾ ತಪ್ಪು?" ಪಾಸ್‌ಪೋರ್ಟಿನಲ್ಲಿ, ವೀಸಾದಲ್ಲಿ ಹೇಗಿದೆಯೋ ಹಾಗೆ ತುಂಬಿ, ಖಾಲಿ ಜಾಗಕ್ಕೆ ಏನು ಹಾಕಬೇಕು ಅಂತ ಕಂಪನಿಗೆ ಫೋನ್ ಮಾಡಿ ಕೇಳಿ.

ಪ್ರತಿ ದ್ವೀಪದ ವೀಸಾ ನಿಯಮವೂ ಬೇರೆ ಬೇರೆ. ಮೆಕ್ಸಿಕೋಕ್ಕೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಬೇರೆ ವೀಸಾ ಬೇಡ. ಉಳಿದದ್ದಕ್ಕೆ ನಿಮ್ಮ ಹಡಗು ಮುಟ್ಟುವ ಬಂದರುಗಳ ಪಟ್ಟಿ ಹಿಡಿದು, ಭಾರತದ ಪಾಸ್‌ಪೋರ್ಟು ಅಂತ ಸ್ಪಷ್ಟವಾಗಿ ಹೇಳಿ, ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಅಮೆರಿಕದ ಪ್ರಜೆಗಳಾದ ಮಕ್ಕಳಿಗೆ, ಹೊರಟ ಬಂದರಿಗೇ ಮರಳುವ ಕ್ರೂಸ್‌ಗಳಲ್ಲಿ ಜನನ ಪ್ರಮಾಣಪತ್ರ ಸಾಕು ಎನ್ನುತ್ತಾರೆ. ಸಾಕು, ನಿಜ. ಆದರೆ ಮಗುವಿಗೆ ಜ್ವರ ಬಂದು ನಡುವೆ ಯಾವುದೋ ದ್ವೀಪದಲ್ಲಿ ಇಳಿಯಬೇಕಾಯಿತು ಅನ್ನಿ, ವಿಮಾನ ಹತ್ತಲು ಪಾಸ್‌ಪೋರ್ಟೇ ಬೇಕು.

ದಕ್ಷಿಣದ ಕಡೆ ಹೋಗುವ ಹಡಗುಗಳು ಕೊಲಂಬಿಯಾದ ಕಾರ್ಟಹೇನಾ, ಪನಾಮದ ಕೊಲೋನ್ ಮುಟ್ಟುತ್ತವೆ. ಹಳದಿ ಜ್ವರ ಇರುವ ಇಂಥ ದೇಶ ಬಿಟ್ಟ ಆರು ದಿನದೊಳಗೆ ಭಾರತದಲ್ಲಿ ಇಳಿದರೆ ಲಸಿಕೆಯ ಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಕ್ರೂಸ್ ಮುಗಿಸಿದ ಮರುದಿನವೇ ಅಪ್ಪ ಅಮ್ಮನನ್ನು ಬೆಂಗಳೂರಿನ ವಿಮಾನ ಹತ್ತಿಸುವ ಯೋಚನೆಯಿದ್ದರೆ ಇದನ್ನು ಮರೆಯಬೇಡಿ. ಅರವತ್ತು ದಾಟಿದವರು ಆ ಲಸಿಕೆ ಹಾಕಿಸಿಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಬೇಕು.

ಡಾಕ್ಟರ್ ಅಂದಾಗ ನೆನಪಾಯಿತು, ಇನ್ಶೂರೆನ್ಸ್. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ಲೂ ಇರುತ್ತದೆ. ಅಪ್ಪ ಅಮ್ಮನಿಗೆ ಮಾಡಿಸಿರುವ ವಿಸಿಟರ್ ಪಾಲಿಸಿ ಸಮುದ್ರದ ಮೇಲೆ ನಡೆಯುತ್ತದೆಯೇ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುತ್ತದೆಯೇ, ಈ ಎರಡೇ ಪ್ರಶ್ನೆ ಕೇಳಿ. ಬಿಪಿ, ಸಕ್ಕರೆಯ ಮಾತ್ರೆಗಳು ಬೇಕಾದ್ದಕ್ಕಿಂತ ಮೂರು ದಿನಕ್ಕೆ ಹೆಚ್ಚಾಗಿಯೇ ಇರಲಿ, ಸ್ಟ್ರಿಪ್ಪಿನಲ್ಲೇ ಇರಲಿ, ಮತ್ತು ಕೈಚೀಲದಲ್ಲಿರಲಿ. ಕೈಚೀಲ ಅಂತ ಒತ್ತಿ ಹೇಳುವುದೇಕೆಂದರೆ, ಬಂದರಿನಲ್ಲಿ ಕೂಲಿಯವರಿಗೆ ಕೊಟ್ಟ ಸೂಟ್‌ಕೇಸು ನಿಮ್ಮ ಕೋಣೆಯ ಬಾಗಿಲಿಗೆ ಬರುವುದು ಸಂಜೆಗೆ, ಕೆಲವು ಸಲ ರಾತ್ರಿ ಊಟ ಮುಗಿದ ಮೇಲೆ.

ಇನ್ನು ಟೈಮಿನ ವಿಷಯ. ನ್ಯೂಜೆರ್ಸಿಯಿಂದ ಹೊರಡುವವರು ದಯವಿಟ್ಟು ಹಿಂದಿನ ದಿನವೇ ಫ್ಲಾರಿಡಾ ಸೇರಿಕೊಳ್ಳಿ. ಹೋಟೆಲಿನ ಇನ್ನೂರು ಡಾಲರ್ ಉಳಿಸಲು ಹೋಗಿ ನಾವು ಒಮ್ಮೆ ಅದೇ ದಿನ ಬೆಳಗಿನ ವಿಮಾನ ಹಿಡಿದೆವು. ಹಿಮ ಬಿತ್ತು. ವಿಮಾನದ ರೆಕ್ಕೆಗೆ ಹಿಮ ಕರಗಿಸುವ ದ್ರಾವಣ ಸಿಂಪಡಿಸುತ್ತಿದ್ದ ಆ ಒಂದೂವರೆ ಗಂಟೆ, ಕಿಟಕಿಯಲ್ಲಿ ಹಸಿರು ನೀರು ಇಳಿಯುವುದನ್ನು ನೋಡುತ್ತಾ ಯಜಮಾನರು ನನ್ನ ಕಡೆ ತಿರುಗಲೂ ಇಲ್ಲ. ಬಂದರಿನ ಚೆಕ್-ಇನ್ ಮುಚ್ಚಲು ಹನ್ನೊಂದು ನಿಮಿಷ ಇದ್ದಾಗ ತಲುಪಿದೆವು.

ಅದಕ್ಕಿಂತ ದೊಡ್ಡ ಪಾಠ ಮೆಕ್ಸಿಕೋದ ಕೋಝುಮೆಲ್‌ನಲ್ಲಿ ಆಯಿತು. ಆ ದ್ವೀಪ ಇರುವ ಕಿಂಟಾನಾ ರೋ ರಾಜ್ಯದವರು 2015ರಿಂದ ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವುದನ್ನು ಬಿಟ್ಟಿದ್ದಾರೆ. ಜಮೈಕಾ, ಕೇಮನ್ ದ್ವೀಪಗಳಲ್ಲೂ ಹಾಗೆಯೇ. ಹಾಗಾಗಿ ಬೇಸಿಗೆಯಲ್ಲಿ ಫ್ಲಾರಿಡಾದ ಸಮಯದಲ್ಲೇ ಓಡುವ ಹಡಗಿಗೂ ದ್ವೀಪಕ್ಕೂ ಒಂದು ಗಂಟೆ ವ್ಯತ್ಯಾಸ. ಹಡಗಿನಲ್ಲಿ ಐದು ಗಂಟೆಯಾದಾಗ ಕೆಳಗೆ ನಾಲ್ಕೇ ಗಂಟೆ. ಐದಕ್ಕೆ ಎಲ್ಲರೂ ಒಳಗಿರಬೇಕು ಅಂತ ಹೇಳಿದ್ದರು. ನನ್ನ ಫೋನು ದ್ವೀಪದ ಸಿಗ್ನಲ್ ಹಿಡಿದು ಸದ್ದಿಲ್ಲದೆ ಹಿಂದಕ್ಕೆ ಹೋಗಿತ್ತು. 3:45 ಅಂತ ನೋಡಿ ಆರಾಮಾಗಿ ಬೆಳ್ಳಿ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಮಗ ಕೈಗಡಿಯಾರ ತೋರಿಸಿ, "ಅಮ್ಮಾ, ಹಡಗಲ್ಲಿ ಈಗ ಕಾಲು ಕಮ್ಮಿ ಐದು" ಅಂದ. ಆ ಉದ್ದದ ಕಟ್ಟೆಯ ಮೇಲೆ ಸೀರೆ ಎತ್ತಿ ಕಟ್ಟಿದ ನಮ್ಮತ್ತೆ ನನಗಿಂತ ಮುಂದೆ ಓಡುತ್ತಿದ್ದರು. ಮೇಲೆ ಬಾಲ್ಕನಿಗಳಲ್ಲಿ ನಿಂತ ಜನ ಕ್ರಿಕೆಟ್ ಮ್ಯಾಚಿನ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಇದು ಅವರಿಗೆ ನಿತ್ಯದ ಮನರಂಜನೆಯಂತೆ. ಡಿಸೆಂಬರಿನಲ್ಲಿ ಪೂರ್ವದ ಕಡೆ ಹೋಗುವವರಿಗೆ ಲೆಕ್ಕ ತಿರುಗಾಮುರುಗಾ: ಪೋರ್ಟೊರಿಕೋದ ಸಾನ್ ಹುವಾನ್, ಸೇಂಟ್ ಥಾಮಸ್ ಫ್ಲಾರಿಡಾಕ್ಕಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ದ್ವೀಪಕ್ಕೆ ತಕ್ಕಂತೆ ಗಡಿಯಾರ ಬದಲಿಸುತ್ತವೆ, ಕೆಲವು ಇಲ್ಲ. ಇಳಿಯುವಾಗ ಬಾಗಿಲಲ್ಲೇ ಕೇಳಿ, ಮುಳ್ಳಿನ ವಾಚು ಕಟ್ಟಿಕೊಳ್ಳಿ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಬೇಕು. ಕಂಪನಿಯವರೇ ಏರ್ಪಡಿಸಿದ ಪ್ರವಾಸದಲ್ಲಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ, ಬೀದಿಯ ಟ್ಯಾಕ್ಸಿಗೆ ಕಾಯುವುದಿಲ್ಲ.

ಮಂಡಿನೋವಿನ ಹಿರಿಯರಿದ್ದರೆ ಇನ್ನೊಂದು ಮಾತು. ಗ್ರಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆ ಇಲ್ಲ. ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲೆಗೆ ದೋಣಿ ಏರುತ್ತದೆ, ಇಳಿಯುತ್ತದೆ, ಆ ನಡುವೆ ಹೆಜ್ಜೆ ಇಡಬೇಕು. ನಮ್ಮ ಮಾವ ಬಾಗಿಲವರೆಗೆ ಬಂದು ನೋಡಿ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಪೇಪರ್ ಓದ್ತೀನಿ" ಅಂದರು. ಅವರ ಕೈಯಲ್ಲಿ ಯಾವ ಪೇಪರೂ ಇರಲಿಲ್ಲ. ಬುಕ್ ಮಾಡುವ ಮೊದಲೇ ಯಾವ ಬಂದರಿಗೆ ಕಟ್ಟೆ ಇದೆ, ಎಲ್ಲಿ ದೋಣಿ ಅಂತ ನೋಡಿಕೊಳ್ಳಿ. ಕೋಣೆ ಹಡಗಿನ ಮಧ್ಯಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಸಿಕ್ಕರೆ ಓಲಾಟ ಕಡಿಮೆ. ವಾಂತಿಯ ಮಾತ್ರೆಯನ್ನು ತಲೆ ಸುತ್ತುವ ಮೊದಲೇ ತೆಗೆದುಕೊಳ್ಳಬೇಕು, ಸುತ್ತಿದ ಮೇಲಲ್ಲ. ಒಣ ಶುಂಠಿಯೂ ಕೆಲಸ ಮಾಡುತ್ತದೆ.

ಪೆಟ್ಟಿಗೆಯಲ್ಲಿ ಏನು ಬೇಡ ಅನ್ನುವುದು ನಮ್ಮವರಿಗೆ ಮುಖ್ಯ. ರೈಸ್ ಕುಕ್ಕರ್, ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಊದುಬತ್ತಿ, ದೀಪ ಯಾವುದೂ ನಡೆಯುವುದಿಲ್ಲ. ಸಮುದ್ರದ ನಡುವೆ ಬೆಂಕಿಗಿಂತ ದೊಡ್ಡ ಭಯವಿಲ್ಲ. ಪುಳಿಯೋಗರೆ ಕಲಸಿ ಡಬ್ಬಿಯಲ್ಲಿ ತುಂಬಿಕೊಂಡು ಹೋದರೆ ಬಂದರಿನಲ್ಲೇ ಬಿಟ್ಟು ಹತ್ತಬೇಕಾಗುತ್ತದೆ. ಅಂಗಡಿಯ ಸೀಲ್ ಒಡೆಯದ ಚಟ್ನಿಪುಡಿ, ಚಕ್ಕುಲಿ ಪೊಟ್ಟಣಗಳಿಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಮಕ್ಕಳ ಬಟ್ಟೆಯಲ್ಲಿ ಸೈನಿಕರ ಹಸಿರು ಮಚ್ಚೆಯ ಚಡ್ಡಿ, ಟೋಪಿ ಇದ್ದರೆ ಮನೆಯಲ್ಲೇ ಬಿಡಿ. ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಸನ್‌ಸ್ಕ್ರೀನ್ ಕೊಳ್ಳುವಾಗ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇಲ್ಲದ್ದನ್ನು ಆರಿಸಿ. ಹವಳಕ್ಕೆ ಹಾನಿ ಅಂತ ಸೇಂಟ್ ಥಾಮಸ್ ಇರುವ ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲೇ ಅವನ್ನು ನಿಷೇಧಿಸಿವೆ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ನೀವು ಅಂದುಕೊಂಡಷ್ಟಿಲ್ಲ, ಆದರೆ ಕೇಳಿ ತಿನ್ನಬೇಕು. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರುತ್ತಾರೆ, ಸೀಸರ್ ಸಲಾಡಿನಲ್ಲಿ ಮೀನಿನ ಅಂಶ ಇರುತ್ತದೆ, ಅಲುಗಾಡುವ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಎರಡನೆಯ ರಾತ್ರಿ ನಮ್ಮ ಮೇಜಿಗೆ ಬಂದ ಹುಡುಗನ ಎದೆಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಇಂಡಿಯಾ ಅಂತಿತ್ತು. ನಾವು ಪಿಸುಗುಟ್ಟುವುದನ್ನು ಕೇಳಿಸಿಕೊಂಡು, "ಕನ್ನಡದವರಾ ನೀವು? ನಮ್ದು ಉಡುಪಿ ಹತ್ರ ಮಾರಾಯ್ರೆ" ಅಂದ. ಕರಾವಳಿಯ ಎಷ್ಟೋ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈ ಹಡಗುಗಳಲ್ಲಿ ದುಡಿಯುತ್ತಾರೆ. ಮನೆಗೆ ಹೋಗಿ ಏಳು ತಿಂಗಳಾಯಿತಂತೆ. ನಮ್ಮತ್ತೆಗೆ ಅವನು ಹೇಳಿಕೊಟ್ಟ ಗುಟ್ಟು: "ಅಮ್ಮ, ನಾಳೆಗೆ ಏನು ಬೇಕು ಅಂತ ಇವತ್ತು ರಾತ್ರಿಯೇ ಹೆಡ್ ವೇಟರಿಗೆ ಹೇಳಿ. ಊಟಕ್ಕೆ ಕೂತ ಮೇಲೆ ಹೇಳಿದ್ರೆ ಅಡುಗೆಯವರಿಗೆ ಆಗೂದಿಲ್ಲ." ಮರುದಿನದಿಂದ ಬೇಳೆ ಸಾರು, ಅನ್ನ, ಪಲ್ಯ ತಪ್ಪಲಿಲ್ಲ. ದಿನಕ್ಕೆ ತಲೆಗೆ ಹದಿನಾರರಿಂದ ಇಪ್ಪತ್ತು ಡಾಲರ್ ಸುಮಾರಿಗೆ ಟಿಪ್ಸ್ ಅಂತ ಬಿಲ್ಲಿಗೆ ತಾನಾಗಿಯೇ ಸೇರುತ್ತದೆ. ಅದನ್ನು ತೆಗೆಸುವುದು ಹೇಗೆ ಅಂತ ನನ್ನನ್ನು ಕೇಳಬೇಡಿ, ಹೇಳುವುದಿಲ್ಲ. ಬುಕ್ ಮಾಡುವಾಗಲೇ ಅದನ್ನು ಟಿಕೆಟ್ಟಿನ ದರಕ್ಕೆ ಕೂಡಿಸಿಕೊಳ್ಳಿ. ಮದ್ಯ ಕುಡಿಯದವರು ಡ್ರಿಂಕ್ಸ್ ಪ್ಯಾಕೇಜಿಗೆ ಮಾರುಹೋಗಬೇಡಿ. ನೀರು, ಕಾಫಿ, ಟೀ ಹೇಗೂ ಪುಕ್ಕಟೆ.

ಹಡಗು ಹತ್ತಿದೊಡನೆ ಫೋನು ಏರೋಪ್ಲೇನ್ ಮೋಡಿಗೆ. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಸಾಲದು, ಸೋಪು ಹಾಕಿ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೋರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಸೆಪ್ಟೆಂಬರಿನಲ್ಲಿ ಅದರ ಜೋರು. ಟಿಕೆಟ್ ಅಗ್ಗ ಸಿಗುವುದೂ ಆಗಲೇ. ಹಡಗು ದಾರಿ ಬದಲಿಸಿ ನಿಮ್ಮನ್ನು ಬೇರೆ ದ್ವೀಪಕ್ಕೆ ಒಯ್ದರೆ ಜಗಳವಾಡಲು ಬರುವುದಿಲ್ಲ. ಟಿಕೆಟ್ಟಿನ ಕರಾರಿನಲ್ಲೇ ಅದಕ್ಕೆ ನೀವು ಒಪ್ಪಿರುತ್ತೀರಿ.

ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ. ರಾತ್ರಿಯೇ ಒಯ್ದುಬಿಡುತ್ತಾರೆ, ಮತ್ತೆ ಸಿಗುವುದು ಬೆಳಿಗ್ಗೆ ಬಂದರಿನಲ್ಲಿ. ನಮ್ಮ ಮಾವ ಶಿಸ್ತಿನ ಮನುಷ್ಯ. ಪ್ಯಾಂಟು, ಶರ್ಟು, ಬೆಲ್ಟು, ಬೂಟು ಸಮೇತ ಎಲ್ಲವನ್ನೂ ನೀಟಾಗಿ ಮಡಚಿ ಒಳಗಿಟ್ಟು, ಬೀಗ ಹಾಕಿ, ಹತ್ತು ಗಂಟೆಗೇ ಹೊರಗಿಟ್ಟು ಮಲಗಿದರು. ಬೆಳಿಗ್ಗೆ ಎದ್ದರೆ ಮೈಮೇಲಿನ ಪಂಚೆ, ಬನಿಯನ್ ಬಿಟ್ಟು ಕೋಣೆಯಲ್ಲಿ ಬೇರೆ ಬಟ್ಟೆಯಿಲ್ಲ. ಮಗನ ಟೀ ಶರ್ಟೊಂದು ಸಿಕ್ಕಿತು, ಎದೆಯ ಮೇಲೆ ಗಿಳಿ ಚಿತ್ರ ಇರುವುದು. ಅದನ್ನು ತೊಟ್ಟು, ಪಂಚೆ ಬಿಗಿದು ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಇಮಿಗ್ರೇಶನ್ ಸಾಲಿನಲ್ಲಿ ನಿಂತರು. ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಗಿಳಿ ನೋಡಿದ, ಪಂಚೆ ನೋಡಿದ. "ರಜೆ ಚೆನ್ನಾಗಿತ್ತಾ ಸರ್?" ಅಂತ ಕೇಳಿದ. ಮಾವ ತುಂಬಾ ಗಂಭೀರವಾಗಿ, "ಗ್ರಾಂಡ್ ಕೇಮನ್ ಒಂದು ಬಿಟ್ಟು" ಅಂದರು.

ಪ್ರಶ್ನೆಗಳಿದ್ದರೆ ಕೇಳಿ. ಎಚ್‌1ಬಿಯವರು ಮೊದಲು ಬನ್ನಿ.