ಎರಡು ಬಿಸ್ಕೀಟು, ಆರು ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ. ನಿಮ್ಮ ಮನೆಯಲ್ಲಿ ಒಂದೋ ಎರಡೋ ಮೂರೋ ವರ್ಷದ ಕೂಸಿದೆ, ಅದಕ್ಕೊಂದು ಸಣ್ಣ ಆಪರೇಷನ್ ಆಗಬೇಕು ಅಂತ ಡಾಕ್ಟರು ತಾರೀಖು ಬರೆದುಕೊಟ್ಟಿದ್ದಾರೆ ಅಂದರೆ, ಇವತ್ತಿನ ಮಾತು ನಿಮಗೇ. ಅವ್ವ ಒಬ್ಬಳೇ ಕೇಳಿದರೆ ಸಾಲದು. ಮನೆಯ ಆಯಿಯನ್ನೂ ಮುತ್ಯಾನನ್ನೂ ರೇಡಿಯೋ ಹತ್ತಿರ ಕರೆಯಿರಿ.

ನಾನು ಅರಿವಳಿಕೆ ಡಾಕ್ಟರು. ಅಂದರೆ ಮತ್ತು ಕೊಡುವವಳು. ಸರ್ಜನ್ ಆಪರೇಷನ್ ಮಾಡುತ್ತಾರೆ. ಕೂಸನ್ನು ಮಲಗಿಸುವುದು, ಮಲಗಿದಷ್ಟು ಹೊತ್ತು ಅದರ ಉಸಿರು ಕಾಯುವುದು, ಎಬ್ಬಿಸಿ ತಾಯಿಯ ಕೈಗೆ ಕೊಡುವುದು ನನ್ನ ಕೆಲಸ. ಈ ಕೆಲಸ ಸರಿಯಾಗಿ ಆಗಬೇಕಾದರೆ ನಿಮ್ಮಿಂದ ನನಗೆ ಒಂದೇ ಒಂದು ಸಹಾಯ ಬೇಕು. ಕೂಸಿನ ಹೊಟ್ಟೆ ಖಾಲಿ ಇರಬೇಕು. ಎಷ್ಟು ಹೊತ್ತು? ಬರೆದುಕೊಳ್ಳಿ. ರೊಟ್ಟಿ, ಅನ್ನ, ಬಿಸ್ಕೀಟು, ಆಕಳ ಹಾಲು, ಎಮ್ಮೆ ಹಾಲು, ಡಬ್ಬಿ ಹಾಲು, ಇವೆಲ್ಲಕ್ಕೂ 6 ಗಂಟೆ. ಎದೆಹಾಲಿಗೆ 4 ಗಂಟೆ. ಬರೀ ನೀರಿಗೆ 2 ಗಂಟೆ. ಆರು, ನಾಲ್ಕು, ಎರಡು.

ಬೆಳಿಗ್ಗೆ 9ಕ್ಕೆ ಆಪರೇಷನ್ ಅನ್ನಿ. ತಿನ್ನುವುದು, ಮೇಲಿನ ಹಾಲು ಕುಡಿಯುವುದು ರಾತ್ರಿ 3ರೊಳಗೆ ಮುಗಿಯಬೇಕು. ಎದೆಹಾಲು ಬೆಳಗಿನ 5ರ ತನಕ. ನೀರು 7ರ ತನಕ. ಅಷ್ಟೇ ಲೆಕ್ಕ.

ಯಾಕೆ ಇಷ್ಟು ಹಟ ಹಿಡಿಯುತ್ತೇವೆ ಅಂತ ಹೇಳುತ್ತೇನೆ. ನಮ್ಮ ಗಂಟಲಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಎಚ್ಚರ ಇರುವಾಗ ಒಂದು ಅಗುಳು ತಪ್ಪಿ ಉಸಿರಿನ ದಾರಿಗೆ ಹೋದರೂ ಕೆಮ್ಮಿ ಹೊರಗೆ ಹಾಕುತ್ತೇವೆ. ಮತ್ತಿನಲ್ಲಿ ಆ ಕೆಮ್ಮು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಬರೀ ಅನ್ನ ಅಲ್ಲ, ಹೊಟ್ಟೆಯ ಆಮ್ಲವೂ ಜೊತೆಗಿರುತ್ತದೆ. ಆ ಆಮ್ಲ ಶ್ವಾಸಕೋಶವನ್ನು ಸುಡುತ್ತದೆ ಅಂತ ಮೆಂಡೆಲ್ಸನ್ ಎಂಬ ಅಮೆರಿಕದ ಡಾಕ್ಟರು 1946ರಲ್ಲೇ ತೋರಿಸಿಕೊಟ್ಟರು. ಹೆರಿಗೆಗೆ ಬಂದು ಮತ್ತು ತೆಗೆದುಕೊಂಡ ತಾಯಂದಿರಲ್ಲಿ ಅವರು ಇದನ್ನು ನೋಡಿದ್ದು. ಅವತ್ತಿನಿಂದ ಖಾಲಿ ಹೊಟ್ಟೆಯ ಮಾತು ನಮಗೆ ದೊಡ್ಡ ಮಾತು.

ಈಗ ಒಂದು ಕುಟುಂಬದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ. ಆದರೆ ನಾನು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ.

ಸೇಡಂ ಕಡೆಯವರು. ತಂದೆ ಪರಸಿ ಕಲ್ಲಿನ ಗಣಿಯಲ್ಲಿ ಕೂಲಿ. ಮಗನಿಗೆ ಎರಡು ವರ್ಷ ತುಂಬಿತ್ತು. ಅತ್ತಾಗ, ಮುಕ್ಕಿರಿದಾಗ ಬಲಗಡೆ ತೊಡೆಸಂದಿಯಲ್ಲಿ ಒಂದು ಗಂಟು ಬರುತ್ತಿತ್ತು, ಮಲಗಿದಾಗ ಮಾಯ. ಹರ್ನಿಯಾ. ಹಳೆ ಟೈರಿನ ಸೀಳಿನಿಂದ ಟ್ಯೂಬು ಉಬ್ಬಿ ಬರುತ್ತದಲ್ಲ, ಹಾಗೆ. ಹೊಟ್ಟೆಯೊಳಗಿನ ಕರುಳು ಒಂದು ಸಂದಿಯಿಂದ ಇಣುಕುತ್ತದೆ. ಹುಟ್ಟುವ ಹೊತ್ತಿಗೆ ಮುಚ್ಚಬೇಕಾಗಿದ್ದ ಸಂದಿ ಅದು, ಮುಚ್ಚಿರುವುದಿಲ್ಲ. ಹೊಕ್ಕುಳ ಉಬ್ಬಿದ್ದರೆ ನಾಲ್ಕೈದು ವರ್ಷದೊಳಗೆ ಬಹಳ ಮಕ್ಕಳಲ್ಲಿ ತಾನೇ ಸರಿಹೋಗುತ್ತದೆ. ಅದಕ್ಕೆ ರೂಪಾಯಿ ಬಿಲ್ಲೆ ಇಟ್ಟು ಬಟ್ಟೆ ಕಟ್ಟುವುದು ಬೇಡ, ಸುಮ್ನೆ ಚರ್ಮ ಕೆಡುತ್ತದೆ. ತೊಡೆಸಂದಿಯದು ಹಾಗಲ್ಲ. ಅದು ತಾನಾಗಿ ಮುಚ್ಚುವುದಿಲ್ಲ. ಕರುಳು ಸಿಕ್ಕಿಕೊಂಡರೆ ಪ್ರಾಣಕ್ಕೆ ಬರುತ್ತದೆ. ಆಪರೇಷನ್ ಮಾಡಿಸಲೇಬೇಕು.

ಆ ದಿನ 9 ಗಂಟೆಗೆ ಆ ಕೂಸಿನದೇ ಮೊದಲ ಆಪರೇಷನ್. ಅವ್ವ, ಅಪ್ಪ, ಆಯಿ ಮೂವರೂ ಬಂದಿದ್ದರು. ನಾನು ಕೇಳಿದೆ, "ಏನಾದರೂ ತಿನ್ನಿಸಿದ್ದೀರಾ?" ತಾಯಿ ಹೇಳಿದಳು, "ಇಲ್ರಿ ಮೇಡಂ, ರಾತ್ರಿ ಉಂಡದ್ದೇ." ತಂದೆಯೂ ಅದನ್ನೇ ಹೇಳಿದ. ಇಬ್ಬರೂ ಸುಳ್ಳು ಹೇಳಲಿಲ್ಲ, ನೆನಪಿಡಿ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ನಾನು ಇಷ್ಟಕ್ಕೆ ಬಿಡುವವಳಲ್ಲ. ಆಯಿ ಗೋಡೆಗೆ ಒರಗಿ ಕೂತಿದ್ದರು. ಹತ್ತಿರ ಹೋಗಿ, "ಚಹಾ ಆಯ್ತೇನ್ರಿ ಆಯಿ?" ಅಂತ ಕೇಳಿದೆ. ಅವರು ಖುಷಿಯಿಂದ ಹೇಳಿದರು, "ನಂದೂ ಆಯ್ತು, ಕೂಸಿಂದೂ ಆಯ್ತು ಯವ್ವಾ. ಎರಡು ಬಿಸ್ಕೀಟ್ ಚಹಾದಾಗ ಅದ್ದಿ ಕೊಟ್ಟೆ. ಹಸಿದು ಅಳ್ತಿತ್ತು." ಯಾವಾಗ? ಏಳೂವರೆಗೆ, ಬಸ್ಸಿಳಿದ ಮೇಲೆ. ಅವ್ವ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಾಗ.

ಆಪರೇಷನ್ ನಿಲ್ಲಿಸಿದೆ. ತಂದೆಗೆ ಸಿಟ್ಟು ಬಂತು. "ಎರಡು ಬಿಸ್ಕೀಟಿಗೆ ಇಷ್ಟು ಮಾಡ್ತೀರೇನ್ರಿ? ಇವತ್ತಿನ ಕೂಲಿ ಹೋಯ್ತಲ್ರಿ ನಂದು." ಅವನ ಸಿಟ್ಟು ನನಗೆ ಅರ್ಥವಾಯಿತು. ಗಣಿಯಲ್ಲಿ ಒಂದು ದಿನ ತಪ್ಪಿದರೆ ಆ ದಿನದ ದುಡ್ಡು ಇಲ್ಲ. ಆದರೂ ನಾನು ಬಗ್ಗಲಿಲ್ಲ. ಎರಡಾಗಲಿ ಇಪ್ಪತ್ತಾಗಲಿ, ಬಿಸ್ಕೀಟು ಬಿಸ್ಕೀಟೇ. ಹಾಲು ಹಾಕಿದ ಚಹಾ ಹಾಲೇ. 6 ಗಂಟೆ.

ಆಯಿ ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದರು. ಸೊಸೆ ಅವರನ್ನು ಬಯ್ಯಲು ಬಾಯಿ ತೆರೆದಳು. ನಾನು ತಡೆದೆ. ಆಯಿಗೆ ಹೇಳಿದೆ, "ನೀವು ನಿಜ ಹೇಳಿದಿರಿ, ಕೂಸಿನ ಜೀವ ಉಳಿಯಿತು." ಇದು ಸಮಾಧಾನದ ಮಾತಲ್ಲ. ಅವರು ಸುಮ್ಮನಿದ್ದಿದ್ದರೆ ನಾನು ಆ ಮಗುವನ್ನು ತುಂಬಿದ ಹೊಟ್ಟೆಯಲ್ಲಿ ಮಲಗಿಸುತ್ತಿದ್ದೆ. ಕೇಳುತ್ತಿರುವ ಆಯಿಯರೇ, ಕೂಸಿಗೆ ಏನು ಕೊಟ್ಟಿದ್ದರೂ ಹೇಳಿಬಿಡಿ. ಯಾರೂ ನಿಮ್ಮನ್ನು ಬಯ್ಯಬಾರದು, ನಾವಂತೂ ಬಯ್ಯುವುದಿಲ್ಲ. ಹೇಳಿದರೆ ಹೋಗುವುದು ಕೆಲವು ಗಂಟೆ ಮಾತ್ರ.

ಏಳೂವರೆಗೆ ಆರು ಕೂಡಿಸಿದರೆ ಒಂದೂವರೆ. ಎರಡು ಗಂಟೆಗೆ ತೆಗೆದುಕೊಳ್ಳೋಣ ಅಂದೆ. ಅದು ಏಪ್ರಿಲ್ ತಿಂಗಳು. ನಮ್ಮ ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ವಾ, 42 ಡಿಗ್ರಿ ಮುಟ್ಟುತ್ತದೆ. ಇಂಥ ಸೆಕೆಯಲ್ಲಿ ಸಣ್ಣ ಕೂಸಿಗೆ ನೀರೂ ಕೊಡದೆ ಕೂರಿಸುವುದು ಇನ್ನೊಂದು ತಪ್ಪು. ಇದನ್ನೂ ಜನ ಬಹಳ ಮಾಡುತ್ತಾರೆ. ಹೆದರಿಕೆಯಿಂದ ರಾತ್ರಿ 8ಕ್ಕೆ ಉಣಿಸಿ, ಮರುದಿನ ಮಧ್ಯಾಹ್ನದ ತನಕ ಹನಿ ನೀರೂ ಕೊಡುವುದಿಲ್ಲ. ಬಾಯಿ ಒಣಗುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ, ಸೂಜಿ ಹಾಕಲು ನರ ಸಿಗುವುದಿಲ್ಲ. ನಾವು ಹಾಗೆ ಹೇಳಿಯೇ ಇಲ್ಲ! ನೀರು 2 ಗಂಟೆ ಮುಂಚಿನವರೆಗೂ ಕೊಡಿ ಅಂತಲೇ ಹೇಳುತ್ತೇವೆ. ಆ ಕೂಸಿಗೆ ಹನ್ನೆರಡರ ತನಕ ಸ್ವಲ್ಪ ಸ್ವಲ್ಪ ಸಕ್ಕರೆ ನೀರು ಕುಡಿಸಿದೆ. ಅಳು ನಿಂತಿತು, ಆಡತೊಡಗಿತು. ನೀರು ಅಂದರೆ ಲೋಟದ ತಳ ಕಾಣಬೇಕು. ಮಜ್ಜಿಗೆ ನೀರಲ್ಲ, ಅಂಬಲಿ ನೀರಲ್ಲ, ಚಹಾ ನೀರಲ್ಲ.

ಪ್ರಸಾದದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಶರಣಬಸವೇಶ್ವರ ಗುಡಿಗೆ ಹೋಗಿ ಬರುತ್ತೀರಿ. ಕೆಲವರು ಬಂದೇ ನವಾಜ್ ದರ್ಗಾಕ್ಕೆ ಹೋಗಿ ಬರುತ್ತೀರಿ. ಹೋಗಿ, ಒಳ್ಳೆಯದು. ಬಾಳೆಹಣ್ಣು, ಕೊಬ್ಬರಿ, ಸಕ್ಕರೆ ಏನು ಕೊಟ್ಟರೂ ಕಟ್ಟಿಕೊಂಡು ಬನ್ನಿ. ಎಚ್ಚರವಾದ ಮೇಲೆ ಬಾಯಿಗೆ ಹಾಕಿ. ಮುಂಚೆ ಹಾಕಿದರೆ ಮತ್ತೆ 6 ಗಂಟೆ.

ಎರಡು ಗಂಟೆಗೆ ತಾಯಿಯನ್ನೂ ಒಳಗೆ ಕರೆದುಕೊಂಡೆ. ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡಳು. ನಾನು ಮುಖಕ್ಕೆ ಮಾಸ್ಕ್ ಇಟ್ಟೆ. ಒಂದು ನಿಮಿಷದ ಕೆಲಸ. ಆದರೆ ತಾಯಂದಿರೇ, ಆ ಒಂದು ನಿಮಿಷಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೂಸು ಒದ್ದಾಡುತ್ತದೆ. ಕಣ್ಣುಗುಡ್ಡೆ ಮೇಲೆ ಹೋಗುತ್ತದೆ. ಕೈಕಾಲು ಒಮ್ಮೆ ಜಾಡಿಸಿ, ತಟ್ಟನೆ ಮೈ ಸಡಿಲವಾಗುತ್ತದೆ. ಆ ತಾಯಿ ಆಮೇಲೆ ನನಗೆ ಹೇಳಿದಳು, "ನನ್ನ ಕೈಯಾಗೇ ಜೋತು ಬಿತ್ರಿ ಮೇಡಂ, ನನ್ನ ಜೀವ ಹೋದಂಗಾಯ್ತು." ಅದು ನಿದ್ದೆ ಬರುವ ರೀತಿ, ಅಷ್ಟೇ. ಕೂಸಿಗೆ ಇದೊಂದೂ ನೆನಪಿರುವುದಿಲ್ಲ. ಸೂಜಿ ಚುಚ್ಚುವುದೂ ಅದು ಮಲಗಿದ ಮೇಲೆ. ಮುತ್ತು ಕೊಡಿ, ಹೊರಗೆ ಹೋಗಿ. ಅಲ್ಲಿಂದ ನಾನಿದ್ದೇನೆ.

ಹಾಗೆ ಕೂಸಿನ ತಲೆಯ ಹತ್ತಿರ ಕೂತು ಉಸಿರು ಕಾಯುವ ವಿದ್ಯೆಗೆ ನಮ್ಮ ಸೀಮೆಯದೇ ಒಂದು ಹೆಮ್ಮೆಯ ಕಥೆ ಇದೆ. ಕಲಬುರಗಿ ಆಗ ನಿಜಾಮರ ರಾಜ್ಯದಲ್ಲಿತ್ತು. ಆಗ ಮತ್ತು ಬರಿಸಲು ಬಳಸುತ್ತಿದ್ದ ಕ್ಲೋರೋಫಾರ್ಮ್ ಎಂಬ ಔಷಧಿ ಕೊಟ್ಟಾಗ ರೋಗಿಗಳು ಯಾಕೆ ಸಾಯುತ್ತಾರೆ ಅಂತ ಪರೀಕ್ಷೆ ಮಾಡಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಕಮಿಷನ್ ನಡೆದವು. ಖರ್ಚು ನಿಜಾಮರದು. ನಡೆಸಿದವರು ಅಲ್ಲಿನ ಡಾಕ್ಟರ್ ಎಡ್ವರ್ಡ್ ಲಾರಿ. ಉಸಿರಿನ ಮೇಲೆ ಕಣ್ಣಿಡಿ ಅನ್ನುವುದೇ ಅವರ ಪಾಠ. ಅವರ ಜೊತೆ ಕೆಲಸ ಮಾಡಿದ ರೂಪಾಬಾಯಿ ಫರ್ದೂನ್‌ಜಿ ನಮ್ಮ ದೇಶದ ಮೊದಲ ಮಹಿಳಾ ಅರಿವಳಿಕೆ ಡಾಕ್ಟರು ಅಂತ ಹೆಸರಾದವರು. ಅವರ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ, ಇವತ್ತು ಹೊತ್ತಿಲ್ಲ. ಈಗ ಆ ಕ್ಲೋರೋಫಾರ್ಮ್ ಇಲ್ಲ, ಬೇರೆ ಒಳ್ಳೆಯ ಔಷಧಿಗಳಿವೆ. ಬೆರಳಿಗೆ ಸಿಕ್ಕಿಸುವ ಯಂತ್ರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಪ್ರತಿ ಕ್ಷಣ ಹೇಳುತ್ತದೆ. ಆದರೆ ಯಾವ ಯಂತ್ರವೂ ಹೊಟ್ಟೆಯಿಂದ ಮೇಲೆ ಬರುವ ಬಿಸ್ಕೀಟನ್ನು ತಡೆಯುವುದಿಲ್ಲ.

ಆ ಮಗುವಿನ ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾಗುವಾಗ ಮಾತ್ರ ಭಾರಿ ರಂಪ. ಕಿರುಚಿತು, ಅವ್ವನನ್ನೇ ಗುರುತಿಸದೆ ದೂಡಿತು. ಆಯಿ ದೃಷ್ಟಿ ಆಗಿದೆ ಅಂದರು. ದೃಷ್ಟಿ ಅಲ್ಲ, ನೋವೇ ಆಗಿರಬೇಕು ಅಂತಲೂ ಇಲ್ಲ. ಮತ್ತಿನ ಅಮಲು ಇಳಿಯುವಾಗ ಈ ವಯಸ್ಸಿನ ಮಕ್ಕಳಲ್ಲಿ ಹೀಗಾಗುತ್ತದೆ. ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಎತ್ತಿಕೊಂಡು ಕೂಡಿ, ಸುತ್ತ ಹತ್ತು ಜನ ನಿಂತು ಕರೆಯಬೇಡಿ. ನೋವಿಗಂತಲೇ ನಾವು, ಕೂಸು ಮಲಗಿದ್ದಾಗಲೇ, ಬೆನ್ನಿನ ಕೆಳತುದಿಗೆ ಒಂದು ಸೂಜಿ ಕೊಟ್ಟಿರುತ್ತೇವೆ. ಅದರಿಂದ ಕೆಲವು ಗಂಟೆ ಕಾಲಿನಲ್ಲಿ ಶಕ್ತಿ ಕಮ್ಮಿ ಇರಬಹುದು. ಗಾಬರಿ ಬೇಡ, ಎದ್ದು ನಿಲ್ಲುವಾಗ ಹಿಡಿದುಕೊಳ್ಳಿ. ಅವರೆಲ್ಲ ರಾತ್ರಿಯ ಹೊತ್ತಿಗೆ ಊರು ಸೇರಿದರು.

ಹೊತ್ತು ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮತ್ತು ಕೊಟ್ಟರೆ ಮಗು ಮಂದಬುದ್ಧಿ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಏಳು ದೇಶಗಳಲ್ಲಿ 700ಕ್ಕೂ ಜಾಸ್ತಿ ಹಸುಗೂಸುಗಳಿಗೆ ಇದೇ ಹರ್ನಿಯಾ ಆಪರೇಷನ್ ಮಾಡಿ, ಐದು ವರ್ಷ ಆದ ಮೇಲೆ ಬುದ್ಧಿ ಪರೀಕ್ಷೆ ಮಾಡಿದರು. ಅರ್ಧ ಮಕ್ಕಳಿಗೆ ಪೂರ್ತಿ ಮತ್ತು, ಇನ್ನರ್ಧಕ್ಕೆ ಎಚ್ಚರವಿಟ್ಟು ಬೆನ್ನಿಗೆ ಸೂಜಿ. ಇಬ್ಬರಲ್ಲೂ ಬುದ್ಧಿ ಒಂದೇ. 2019ರಲ್ಲಿ ಇದು ಪ್ರಕಟವಾಯಿತು. ಒಂದು ಗಂಟೆಯೊಳಗಿನ ಒಂದು ಆಪರೇಷನ್ನಿಗೆ ಈ ಚಿಂತೆ ಬಿಡಿ.

ಉಡದಾರ, ತಾಯತ, ಕಾಲುಗಡಗ ಮನೆಯಲ್ಲೇ ತೆಗೆದಿಡಿ. ಬೆಳ್ಳಿ ಉಡದಾರ ಕೂರುವುದು ಸರಿಯಾಗಿ ಆಪರೇಷನ್ ಜಾಗದ ಹತ್ತಿರ. ರಕ್ತ ನಿಲ್ಲಿಸಲು ಕರೆಂಟಿನ ಯಂತ್ರ ಬಳಸುತ್ತೇವೆ, ಲೋಹ ಇದ್ದರೆ ಚರ್ಮ ಸುಡುವ ಅಪಾಯ ಇದೆ. ಸಂಜೆ ಮತ್ತೆ ಕಟ್ಟಿ. ಉಗುರಿಗೆ ಬಣ್ಣ ಹಚ್ಚಬೇಡಿ, ಬೆರಳಿನ ಯಂತ್ರ ಸರಿಯಾಗಿ ಓದುವುದಿಲ್ಲ. ಜ್ವರ, ಕೆಮ್ಮು, ಸುರಿಯುವ ಮೂಗು ಇದ್ದರೆ ಮುಚ್ಚಿಡಬೇಡಿ. ತಾರೀಖು ಮುಂದೆ ಹೋದರೂ ಪರವಾಗಿಲ್ಲ.

ಮನೆಗೆ ಹೋದ ಮೇಲೆ ನೋವಿನ ಔಷಧಿಯನ್ನು ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಕೊಡಿ, ಅಳುವ ತನಕ ಕಾಯಬೇಡಿ. ಮೊದಲು ನೀರು, ವಾಂತಿ ಆಗದಿದ್ದರೆ ಹಾಲು, ಆಮೇಲೆ ಮೆತ್ತಗಿನ ಅನ್ನ. ಗಾಯಕ್ಕೆ ಅರಿಸಿನ, ಎಣ್ಣೆ, ಬೂದಿ ಏನೂ ಹಚ್ಚಬೇಡಿ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಬಂದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ. ಇನ್ನು ಆಪರೇಷನ್ನಿಗೆ ತಾರೀಖು ಕಾಯುತ್ತಿರುವವರಿಗೆ ಒಂದು ಮಾತು. ಗಂಟು ಗಟ್ಟಿಯಾಗಿ ಒಳಗೆ ಹೋಗದೆ, ಕೂಸು ಒಂದೇ ಸಮ ಅತ್ತು ವಾಂತಿ ಮಾಡಿದರೆ ತಾರೀಖು ನೋಡಬೇಡಿ, ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ಆಗಲೇ ಹೊರಡಿ. ಹೊರಡುವಾಗ ಕೂಸು ಕೊನೆಯ ಸಲ ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಅಂತ ಆಯಿಯನ್ನು ಕೇಳಿಕೊಂಡು ಬನ್ನಿ. ನಮಸ್ಕಾರ.